ಗಲ್ಲಿಗೆ ಬದಲು ಕೊನೆಯುಸಿರಿನವರೆಗಿನ ಸೆರೆ

ಕೊಲೆಗೆ ಭಾರತದ ಕಾನೂನಿನಲ್ಲಿರುವ ಶಿಕ್ಷೆ ಎರಡೇ: ಜೀವಾವಧಿ ಅಥವಾ ಮರಣದಂಡನೆ. ದಂಡ ಸಂಹಿತೆಯ 302ನೇ ಸೆಕ್ಷನ್ ಹೋಗಿ ನ್ಯಾಯ ಸಂಹಿತೆಯ 103ನೇ ಸೆಕ್ಷನ್ ಬಂದರೂ ಇದು ಬದಲಾಗಿಲ್ಲ. ಜೀವಾವಧಿಯೇ ನಿಯಮ, ‘ಅಪರೂಪದಲ್ಲಿ ಅಪರೂಪ’ವೆನಿಸುವ ಪ್ರಕರಣಕ್ಕೆ ಮಾತ್ರ ಗಲ್ಲು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಹೇಳಿತು.

ಯಾವುದು ಅಪರೂಪ ಎಂದು ಅಳೆಯುವುದು ಹೇಗೆ? ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣವನ್ನೇ ನೋಡಬಹುದು. 1991ರಲ್ಲಿ ಪತ್ನಿಯನ್ನು ಕೊಂದು ಮನೆಯ ಆವರಣದಲ್ಲೇ ಹೂತಿದ್ದ ಆತನಿಗೆ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠದಲ್ಲಿ ಅಪರಾಧ ಸಾಬೀತಾದ ಬಗ್ಗೆ ತಕರಾರಿರಲಿಲ್ಲ. ಶಿಕ್ಷೆಗೆ ಬಂದಾಗ ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಜೀವಾವಧಿ ಎಂದರು. ಅದೇ ಕಡತ, ಅದೇ ಸಾಕ್ಷ್ಯ! ಪೀಠದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಜೀವವೊಂದರ ಅಳಿವು ಉಳಿವು ನಿಲ್ಲುವುದು ನಿಜಕ್ಕೂ ಕಳವಳದ ಸಂಗತಿ. ನೇಣಿಗೇರಿಸಿದ ಮೇಲೆ ತಪ್ಪು ತಿದ್ದಲು ಯಾವ ಮೇಲ್ಮನವಿಯೂ ಇಲ್ಲ.

ಜೀವಾವಧಿಯೆಂದರೆ 14 ವರ್ಷ ಎಂಬ ತಿಳಿವಳಿಕೆ ಜನರಲ್ಲಿ ಬೇರೂರಿದೆ. ಅದು ಸರಿಯಲ್ಲ, ಬಿಡುಗಡೆಯನ್ನು ಪರಿಗಣಿಸುವ ಮೊದಲು ಕಳೆಯಬೇಕಾದ ಕನಿಷ್ಠ ಅವಧಿ ಅಷ್ಟೇ. ಆದರೂ ಕೊಂದವನು ಬೇಗ ಊರಿಗೆ ಮರಳಿದರೆ ಗತಿಯೇನು ಎಂಬ ಸಂತ್ರಸ್ತ ಕುಟುಂಬದ ಭಯವನ್ನು ತಳ್ಳಿಹಾಕುವಂತಿಲ್ಲ. 2008ರಲ್ಲಿ ಅದೇ ಪ್ರಕರಣದಲ್ಲಿ ತ್ರಿಸದಸ್ಯ ಪೀಠ ಇದಕ್ಕೆ ಉತ್ತರ ಕೊಟ್ಟಿತು: ಅವಧಿಗೆ ಮುನ್ನ ಬಿಡುಗಡೆಯಿಲ್ಲ, ಬದುಕಿರುವವರೆಗೂ ಸೆರೆ. 2015ರಲ್ಲಿ ಸಂವಿಧಾನ ಪೀಠವೂ ಇದನ್ನು ಒಪ್ಪಿತು. ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾದಾನದ ಅಧಿಕಾರ ಮಾತ್ರ ಹಾಗೆಯೇ ಉಳಿದಿದೆ.