ಹಿತ್ತಲಿನ ಎಲೆಬಳ್ಳಿಯೂ ಅದರ ಬುಡದ ವಿಚಾರವೂ

ಕಳೆದ ಮಳೆಗಾಲದಲ್ಲಿ ಹಾನಗಲ್ಲ ತಾಲೂಕಿನ ಜಮೀನುದಾರರೊಬ್ಬರು ತಮ್ಮ ಮನೆಯ ಹಿತ್ತಲಿಗೆ ನನ್ನನ್ನು ಕರೆದುಕೊಂಡು ಹೋಗಿ, ನೇರಿಳೆ ಬಣ್ಣದ ದೊಡ್ಡ ಹೂಗಳು ತುಂಬಿದ ಬಳ್ಳಿಯೊಂದರ ಚಿತ್ರವನ್ನು ತೋರಿಸಿ, ಇದನ್ನು ಇಲ್ಲಿ ಬೆಳೆಯಿಸಲು ಬರುವುದೋ ಹೇಗೆ ಎಂದು ವಿಚಾರಿಸಿದರು. ಅದು ಕ್ಲೆಮ್ಯಾಟಿಸ್ ಎಂಬ ಹೂಬಳ್ಳಿ. ಚಿತ್ರದಲ್ಲಿದ್ದ ಜಾತಿಯು 1858ರಲ್ಲಿ ಇಂಗ್ಲಂಡದ ವೋಕಿಂಗ್ ಎಂಬಲ್ಲಿ ಜಾಕ್‌ಮನ್ ಮನೆತನದವರ ಸಸಿತೋಟದಲ್ಲಿ ಸಂಕರದಿಂದ ಹುಟ್ಟಿದ್ದು. ಚಳಿಗಾಲದ ಕಡುಚಳಿಯಲ್ಲಿ ಎಲೆಯುದುರಿಸಿ ವಿಶ್ರಾಂತಿ ಪಡೆಯುವುದು ಅದರ ಸ್ವಭಾವವಾದುದರಿಂದ, ನಮ್ಮ ಸೀಮೆಯ ಬಿಸಿಲಿನಲ್ಲಿ ಅದು ಒಂದೆರಡು ವರ್ಷ ಬಡಕಲಾಗಿ ಬದುಕಿ ತೀರಿಹೋಗುವುದು. ಅದರ ಕುಲಕ್ಕೆ ಸೇರಿದ ಬಳ್ಳಿಯೊಂದು ನಮ್ಮ ಮಲೆನಾಡಿನ ಅಡವಿಯಂಚಿನಲ್ಲಿಯೂ ಉಂಟು. ಮಳೆಗಾಲ ಕಳೆದ ಮೇಲೆ ಸಣ್ಣ ಬಿಳಿಹೂಗಳನ್ನು ಬಿಟ್ಟು, ಅನಂತರ ಗರಿಯಂಥ ಬಾಲವುಳ್ಳ ಬೀಜಗಳನ್ನು ಗಾಳಿಗೆ ತೂರುವ ಈ ಬಳ್ಳಿಯನ್ನು ಯಾರೂ ಮನೆಗೆ ತಂದುದಿಲ್ಲ. ಅದರ ರಸವು ಚರ್ಮಕ್ಕೆ ತಗುಲಿದರೆ ಉರಿ ಹುಟ್ಟಿಸುವುದು.

ನಾನು ಅವರನ್ನು, "ತಮ್ಮ ಹಿತ್ತಲಿನಲ್ಲಿ ಎಲೆಬಳ್ಳಿ ಎಲ್ಲಿ?" ಎಂದು ಕೇಳಿದೆನು. ಎರಡು ವರ್ಷಗಳ ಹಿಂದೆಯೇ ಸೊರಗಿ ಹೋಯಿತೆಂದೂ, ಮಗಳ ಮದುವೆಗೆ ಎಲೆಯನ್ನೆಲ್ಲ ಪೇಟೆಯಿಂದಲೇ ತರಿಸಿದೆವೆಂದೂ ಅವರು ಹೇಳಿದರು. ಈ ಮಾತೇ ಈ ಲೇಖನಕ್ಕೆ ಕಾರಣವಾಯಿತು.

ಸವಣೂರ ಎಲೆ ಎಂದರೆ ಧಾರವಾಡ ಸೀಮೆಯಲ್ಲೆಲ್ಲ ಹೆಸರಾದದ್ದು. 1948ರ ವರೆಗೆ ನವಾಬರ ಸಂಸ್ಥಾನವಾಗಿದ್ದ ಆ ಊರಿನ ಹೆಸರು ಕೇಳಿದೊಡನೆ ದೊಡ್ಡಹುಣಸೆಯ ಮರಗಳು ಹೇಗೋ ಹಾಗೆಯೇ ಎಲೆತೋಟಗಳೂ ನೆನಪಿಗೆ ಬರುವವು. ಆದರೆ ಅದೇ ಸವಣೂರಿನ ಸುತ್ತಲಿನಲ್ಲಿಯೂ, ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರ ತಾಲೂಕುಗಳಲ್ಲಿಯೂ ನಾನು ಕಂಡ ಮಟ್ಟಿಗೆ ಮನೆಯ ಹಿತ್ತಲಿನ ಎಲೆಬಳ್ಳಿಯು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಲಿದೆ. ಉಡಿ ತುಂಬಲಿಕ್ಕೆ, ನಿಶ್ಚಯಕ್ಕೆ, ಕಳಸಕ್ಕೆ, ಹಬ್ಬದ ಪೂಜೆಗೆ ಐದು ಎಲೆ ಬೇಕಾದರೂ ಪೇಟೆಗೆ ಆಳನ್ನು ಅಟ್ಟುವ ಸ್ಥಿತಿಯು ಬಂದೊದಗಿದೆ. ಇಲ್ಲೊಂದು ಮಾತನ್ನು ಬಿಚ್ಚಿ ಹೇಳಿಬಿಡುವುದು ಒಳ್ಳೆಯದು. ಎಲೆಬಳ್ಳಿ ಬೆಳೆಯಿರಿ ಎಂದು ನಾನು ಹೇಳುವುದು ದಿನವಿಡೀ ಅಡಿಕೆ ತಂಬಾಕು ಮೆಲ್ಲುವುದಕ್ಕಾಗಿ ಎಂದು ಯಾರೂ ತಿಳಿಯಕೂಡದು. ಅಡಿಕೆಯು ತಾನೇ ಅರ್ಬುದ ರೋಗಕ್ಕೆ ಕಾರಣವೆಂದೂ, ತಂಬಾಕು ಕೂಡಿದರೆ ಅಪಾಯವು ಹೆಚ್ಚುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿರುವುದು. ಮನೆಗೆ ಬೇಕಾದುದು ಮಂಗಳಕಾರ್ಯದ ಎಲೆ.

ಬಳ್ಳಿಗಳು ಏತಕ್ಕೆ ಹೋದವು? ಇದಕ್ಕೆ ಉತ್ತರ ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಹೋದಲ್ಲೆಲ್ಲ, ಬಚ್ಚಲ ನೀರನ್ನು ವ್ಯರ್ಥವಾಗಿ ಓಣಿಗೆ ಹರಿಯಬಿಡಬೇಡಿರಿ, ಹಿತ್ತಲಿನ ಬಾಳೆಗೂ ಬಳ್ಳಿಗೂ ತಿರುಗಿಸಿರಿ, ಎಂದು ಉಪದೇಶಿಸುತ್ತಿದ್ದೆನು. ಬಾಳೆಗೆ ಆ ಮಾತು ಸರಿ. ಎಲೆಬಳ್ಳಿಗೆ ಅದು ಮರಣಶಾಸನ. ಮೂರನೆಯ ಮಳೆಗಾಲದಲ್ಲಿ ವೃದ್ಧ ಗೃಹಿಣಿಯೊಬ್ಬರು, "ಸಾಹೇಬರ, ನೀವು ಹೇಳಿದಂಗ ಬಚ್ಚಲ ನೀರು ಬಿಟ್ವಿ, ಬಳ್ಳಿ ಹೋತು ನೋಡ್ರಿ" ಎಂದು ನನ್ನ ಮುಖಕ್ಕೆ ಹೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಬುಡವನ್ನು ಅಗೆದು ನೋಡಿದ ಬಳಿಕ ತಿಳಿಯಿತು. ಬೇರು ಕಪ್ಪಾಗಿ ಕೊಳೆತು, ಎರಡು ಬೆರಳಿನಿಂದ ಹಿಡಿದೆಳೆದರೆ ತೊಗಟೆಯು ಒರೆಯಂತೆ ಕಳಚಿ ಬರುತ್ತಿತ್ತು.

ಇದು ಫೈಟಾಫ್ಥೊರ ಎಂಬ ಸೂಕ್ಷ್ಮಜೀವಿಯ ಕೆಲಸ. ಹಾನಗಲ್ಲದ ಕಡೆಯ ಅಡಿಕೆ ತೋಟದವರು ಕೊಳೆರೋಗವನ್ನು ಬಲ್ಲರು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಆ ರೋಗವನ್ನು ಪರೀಕ್ಷಿಸಿ 1910ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಎಲೆಬಳ್ಳಿಯ ಸೊರಗು ರೋಗವನ್ನು ತರುವುದು ಅದೇ ಕುಲಕ್ಕೆ ಸೇರಿದ ಜೀವಿ. ಇದರ ಬೀಜಕಣಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಲಗಳಿದ್ದು, ಬುಡದಲ್ಲಿ ನಿಂತ ನೀರಿನಲ್ಲಿ ಅವು ಈಜಿ ಬೇರನ್ನು ಸೇರುವವು. ನೀರು ನಿಲ್ಲದಿದ್ದರೆ ಅವುಗಳಿಗೆ ದಾರಿಯಿಲ್ಲ. ಮಳೆಗಾಲದ ತಂಪಿನಲ್ಲಿ ರೋಗವು ಹಿಡಿಯುವುದು. ನೆಲಮಟ್ಟದಲ್ಲಿ ಕಾಂಡವು ಮೆತ್ತಗಾಗಿ ಕಪ್ಪಾಗುವುದು. ಎಲೆಯು ಹಳದಿಯಾಗಿ ಜೋಲುಬಿದ್ದು, ನಿನ್ನೆ ಹಸುರಾಗಿದ್ದ ಬಳ್ಳಿಯು ಕೆಲವೇ ದಿನಗಳಲ್ಲಿ ಒಣಗಿ ನಿಲ್ಲುವುದು. ಹೀಗೆ ಒಮ್ಮಿಂದೊಮ್ಮೆ ಸಾಯುವುದರಿಂದಲೇ ಜನರು ಇದಕ್ಕೆ ದೃಷ್ಟಿ, ಮೈಲಿಗೆ ಮುಂತಾದ ಕಾರಣಗಳನ್ನು ಕಟ್ಟಿರುವರು.

ಮೈಲಿಗೆಯ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು. ಎಲೆಬಳ್ಳಿಯ ವಿಷಯದಲ್ಲಿ ನಮ್ಮವರು ಎರಡು ಕಟ್ಟಳೆಗಳನ್ನು ಪಾಲಿಸುವರು. ಚಪ್ಪಲಿ ಮೆಟ್ಟಿಕೊಂಡು ಅದರ ಬುಡಕ್ಕೆ ಹೋಗಕೂಡದು ಎಂಬುದು ಒಂದು. ಮುಟ್ಟಾದ ಹೆಣ್ಣುಮಕ್ಕಳು ಅದರ ನೆರಳಿಗೆ ಸಹ ಸುಳಿಯಕೂಡದು ಎಂಬುದು ಇನ್ನೊಂದು. ಕಲಿತ ತರುಣರು ಎರಡನ್ನೂ ಮೂಢನಂಬಿಕೆಯೆಂದು ನಗುವರು. ಹಿರಿಯರು ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಹಿಡಿದಿರುವರು. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಅರ್ಧ ತಪ್ಪಿರುವರು. ಚಪ್ಪಲಿಯ ಕಟ್ಟಳೆಯು ಬಹು ಯೋಗ್ಯವಾದುದು. ರೋಗ ಬಿದ್ದ ತೋಟದ ಕೆಸರು ಚಪ್ಪಲಿಯ ಅಡಿಗೆ ಹತ್ತಿ, ಒಂದು ಹಿತ್ತಲಿನಿಂದ ಮತ್ತೊಂದಕ್ಕೆ ರೋಗವನ್ನು ಹೊತ್ತು ತರುವುದು. ಗುದ್ದಲಿ, ಸಲಿಕೆ, ಬರಿಗಾಲಿನ ಕೆಸರು ಇವುಗಳಿಗೂ ಇದೇ ಮಾತು. ಚಪ್ಪಲಿ ಬಿಟ್ಟು ಕೆಸರುಗಾಲಿನಿಂದ ಹೋದರೆ ಕಟ್ಟಳೆಯನ್ನು ಪಾಲಿಸಿದಂತಾಗಲಿಲ್ಲ, ಕಾಲು ತೊಳೆದು ಹೋಗತಕ್ಕದ್ದು. ಎರಡನೆಯ ಕಟ್ಟಳೆಗಾದರೋ ಸಸ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಹೆಣ್ಣುಮಕ್ಕಳ ಸ್ಪರ್ಶದಿಂದ ಬಳ್ಳಿಗೆ ಕೂದಲಷ್ಟೂ ಕೇಡಿಲ್ಲ.

ಇದು ಬರಿಯ ವಾದದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಶಿಗ್ಗಾಂವ ತಾಲೂಕಿನ ಒಂದು ದೊಡ್ಡ ಮನೆಯಲ್ಲಿ ಮೂರು ತಲೆಮಾರಿನ ಬಳ್ಳಿಯು ಆಶ್ಲೇಷ ಮಳೆಯಲ್ಲಿ ಸತ್ತಿತು. ಆ ವರ್ಷವೇ ಮದುವೆಯಾಗಿ ಬಂದ ಸೊಸೆಯು ಮುಟ್ಟಿದ್ದರಿಂದ ಹೋಯಿತೆಂದು ಮನೆಯವರು ನಿಶ್ಚಯಿಸಿಕೊಂಡರು. ಎರಡು ವರ್ಷ ಆ ಹುಡುಗಿಯು ಹಿತ್ತಲ ಬಾಗಿಲು ದಾಟಲು ಅಂಜುತ್ತಿದ್ದಳಂತೆ. ಬೇರೊಂದು ಕೆಲಸಕ್ಕೆ ಹೋದ ನಾನು ಆ ಜಾಗವನ್ನು ನೋಡಿದಾಗ ಸಂಗತಿಯು ಸ್ಪಷ್ಟವಾಯಿತು. ಮದುವೆಯ ಕಾಲಕ್ಕೆ ಮನೆಯವರು ಹೊಸ ಬಚ್ಚಲು ಕಟ್ಟಿಸಿ, ಮೋರಿಯ ಬಾಯನ್ನು ಬಳ್ಳಿಯ ಬುಡಕ್ಕೇ ತೆರೆದಿದ್ದರು. ಬಳ್ಳಿಯನ್ನು ಕೊಂದದ್ದು ಮೋರಿ; ಮಾತು ಕೇಳಿದ್ದು ಸೊಸೆ. ಮನೆಯ ಯಜಮಾನರು ವಿವೇಕಿಗಳು, ತಿಳಿದು ಸುಮ್ಮನಾದರು. ಇಂಥ ಮನೆಗಳು ಇನ್ನೆಷ್ಟಿರುವವೋ ನಾನರಿಯೆ. ಹಿತ್ತಲಿನ ಬಳ್ಳಿಯನ್ನು ದಿನಾಲು ಕಣ್ಣಿಟ್ಟು ನೋಡತಕ್ಕವರು ಮನೆಯ ಹೆಣ್ಣುಮಕ್ಕಳೇ. ತಿಂಗಳಲ್ಲಿ ಕೆಲವು ದಿನ ಅವರನ್ನು ದೂರವಿಟ್ಟರೆ ಎಲೆಯು ಮೊದಲು ಹಳದಿಯಾದುದನ್ನು ನೋಡುವವರು ಯಾರು? ಗಂಡಸರು ಕಾಣುವುದು ಬಳ್ಳಿಯು ಒಣಗಿದ ಮೇಲೆ.

ಇನ್ನು ಬೆಳೆಯಿಸುವ ಕ್ರಮ. ಮೃಗಶಿರ ಮಳೆಗೆ ಹಿತ್ತಲಿನ ಎತ್ತರದ ಕಡೆ, ಬಚ್ಚಲಿಗೂ ದನದ ಕೊಟ್ಟಿಗೆಯ ಹರಿವಿಗೂ ದೂರವಾಗಿ, ಒಂದು ಅಡಿ ಎತ್ತರದ ಕಟ್ಟೆಯನ್ನು ಮಾಡಿ ನಾಲ್ಕು ಚೊಗಚೆಯ ಬೀಜ ಊರಬೇಕು. ನುಗ್ಗೆಯೂ ಆಸರೆಗೆ ಆಗುವುದು, ಆದರೆ ಅದರ ಕಂಬಳಿಹುಳುಗಳ ಕಾಟದಿಂದ ಮಕ್ಕಳಿರುವ ಮನೆಗೆ ಅದು ಒಗ್ಗದು. ತೆಂಗಿನ ಮರವಿದ್ದರೆ ಬೇರೆ ಆಸರೆಯೇ ಬೇಡ. ಪಡುವಣ ಬಿಸಿಲು ಬೀಳುವ ಸಿಮೆಂಟಿನ ಗೋಡೆಗೆ ಮಾತ್ರ ಹಬ್ಬಿಸಕೂಡದು. ಗೋಡೆಯು ಕಾಯ್ದು ಬಳ್ಳಿಯ ಗೆಣ್ಣಿನ ಬೇರು ಸುಟ್ಟುಹೋಗುವುದು. ಸವಣೂರಿನ ಕಡೆಯ ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಅಲ್ಲಿ ಕಟ್ಟೆಗೆ ಕೆಮ್ಮಣ್ಣನ್ನೂ ಸ್ವಲ್ಪ ಮರಳನ್ನೂ ಬೆರೆಸತಕ್ಕದ್ದು; ಹಾನಗಲ್ಲ, ಹಿರೇಕೆರೂರಗಳ ಕೆಂಪು ನೆಲಕ್ಕೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವಿದ್ದರೆ ಸಾಕು. ಹಸಿ ಸಗಣಿಯನ್ನು ಹಾಕಲಾಗದು. ಬದನೆ, ಟೊಮೆಟೊ ಗಿಡಗಳನ್ನು ಪಕ್ಕದಲ್ಲಿ ಇಡಬಾರದು, ಅವುಗಳ ಬೇರುಗಂಟಿನ ಜಂತುಗಳು ಬಳ್ಳಿಗೂ ಬರುವವು.

ಉತ್ತರಾ, ಹಸ್ತಾ ಮಳೆಗಳ ಕಾಲಕ್ಕೆ, ಅಂದರೆ ಸಪ್ಟಂಬರದ ನಡುವಿನಿಂದ ಅಕ್ಟೋಬರದ ಆರಂಭದ ವರೆಗೆ, ಚೊಗಚೆಯ ನೆರಳು ಸಿದ್ಧವಾಗಿರುವುದು, ಮಳೆಯ ಜೋರೂ ಇಳಿದಿರುವುದು. ಆಗ ಬೇರು ಬಿಟ್ಟ ಬಳ್ಳಿಯನ್ನು ನಟ್ಟು, ಬಾಳೆಯ ನಾರಿನಿಂದ ಸಡಿಲಾಗಿ ಆಸರೆಗೆ ಕಟ್ಟಬೇಕು. ಮಳೆ ನಿಂತ ಮೇಲೆ ನೀರನ್ನು ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಕೊಡತಕ್ಕದ್ದು. ಕೊಡ ತುಂಬ ಒಮ್ಮೆಲೆ ಸುರಿಯುವುದು ಬೇಡ. ನೆಲವು ತಣ್ಣಗಿರಬೇಕು, ಕೆಸರಾಗಬಾರದು. ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಬುಡದಲ್ಲಿ ಗುದ್ದಲಿ ಆಡಿಸದೆ ಒಣ ಎಲೆಯನ್ನು ಹೊದಿಸಿದರೆ ಸಾಕು, ಅದೂ ಕಾಂಡದಿಂದ ಒಂದು ಗೇಣು ಬಿಟ್ಟು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯು ಬಳ್ಳಿಯ ತುಂಡನ್ನು ಎಲ್ಲಿಂದ ತರುವುದು ಎಂಬುದು. ಊರ ಹಿರಿಯರಿಗೂ ಜಮೀನುದಾರರಿಗೂ ನಾನು ವಿಶೇಷವಾಗಿ ವಿಜ್ಞಾಪಿಸುವುದು ಇಲ್ಲಿಯೇ. ಊರಿನಲ್ಲಿ ಬಳ್ಳಿ ಬೇಕಾದವರು ಗೌಡರ ಹಿತ್ತಲಿಗೋ ತೋಟದವರ ಬಳಿಗೋ ಬರುವರು. ಕೇಳಿದವರಿಗೆ ಇಲ್ಲವೆನ್ನುವುದು ನಮ್ಮ ಜನರ ಸಂಪ್ರದಾಯವಲ್ಲ. ಹಿರೇಕೆರೂರ ತಾಲೂಕಿನ ಒಂದು ಊರಿನಲ್ಲಿ ಹೀಗೆಯೇ ಒಂದು ತೋಟದಿಂದ ಇಡೀ ಓಣಿಗೆ ಬಳ್ಳಿಯು ಹಂಚಿಕೆಯಾಗಿ, ಎರಡು ಮಳೆಗಾಲ ಮುಗಿಯುವುದರೊಳಗೆ ಇಡೀ ಓಣಿಯ ಬಳ್ಳಿಗಳು ಹೋದವು. ಕೊಟ್ಟವರ ತೋಟದ ಮೂಲೆಯಲ್ಲಿ ನಾಲ್ಕು ಬಳ್ಳಿಗಳು ಆಗಲೇ ಸೊರಗಿದ್ದವು; ಉಳಿದವು ಹಸುರಾಗಿದ್ದುದರಿಂದ ಅವರಿಗೆ ಸಂಶಯವೇ ಬರಲಿಲ್ಲ. ಒಂದು ಬಳ್ಳಿ ಸೊರಗಿದ ತೋಟದಿಂದ, ಉಳಿದುವು ಎಷ್ಟು ಚೆಲುವಾಗಿದ್ದರೂ, ತುಂಡು ಕೊಡಲೂಬಾರದು ತರಲೂಬಾರದು.

ಅನುಕೂಲಸ್ಥರು ನಾಲ್ಕೈದು ತಾಯಿಬಳ್ಳಿಗಳನ್ನು ತೋಟದಿಂದ ದೂರವಾಗಿ, ಮೊದಲು ಎಂದೂ ಎಲೆಬಳ್ಳಿ ಇರದ ನೆಲದಲ್ಲಿ ಬೇರೆಯಾಗಿ ಸಾಕಬೇಕೆಂಬುದು ನನ್ನ ಸೂಚನೆ. ಅವುಗಳ ತುದಿಯ ಭಾಗದಿಂದ ನಾಲ್ಕೈದು ಗೆಣ್ಣುಗಳ ತುಂಡುಗಳನ್ನು ಪುಷ್ಯ ಮಳೆಗೆ ತೆಗೆದು, ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ಸಣ್ಣ ಚೀಲಗಳಲ್ಲಿ ಊರಿ ನೆರಳಿನಲ್ಲಿ ಇಡಬೇಕು. ಜೋರು ಮಳೆಯ ದಿನಗಳನ್ನು ದಾಟಿ ಬದುಕಿದ ಸಸಿಗಳನ್ನಷ್ಟೇ ಹಂಚಬೇಕು. ಆರೇಳು ವಾರಗಳ ಈ ಕಾಯುವಿಕೆಯು ರೋಗದ ಸಸಿಯನ್ನು ತಾನೇ ಬೇರ್ಪಡಿಸುವುದು.

ಬಳ್ಳಿಯು ಸತ್ತ ಜಾಗದಲ್ಲಿ ಮತ್ತೆ ಬಳ್ಳಿಯನ್ನು ನೆಡಬಾರದು. ಸತ್ತುದನ್ನು ಬೇರುಸಹಿತ ಅಗೆದು ಸುಡಬೇಕು. ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ರೋಗವು ಹೊಲಕ್ಕೆಲ್ಲ ಹೋಗುವುದು. ನೆರೆಹೊರೆಯಲ್ಲಿ ರೋಗ ಕಂಡಾಗ ಉಳಿದ ಬಳ್ಳಿಗಳ ಬುಡಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು ಹೊಯ್ಯಬಹುದು. ಮನೆಯ ಮಟ್ಟಿಗೆ 100 ಗ್ರಾಂ ಮೈಲುತುತ್ತವನ್ನು 5 ಲೀಟರು ನೀರಿನಲ್ಲಿಯೂ, 100 ಗ್ರಾಂ ಸುಟ್ಟ ಸುಣ್ಣವನ್ನು ಬೇರೆ 5 ಲೀಟರಿನಲ್ಲಿಯೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಸುರಿಯುತ್ತ ಕಲಕತಕ್ಕದ್ದು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯೇ ಆಗಬೇಕು. ಹೊಳೆಯುವ ಚಾಕುವಿನ ಅಲಗನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಎಲೆಯನ್ನು ಬೇಯಿಸದೆ ಹಸಿಯಾಗಿಯೇ ಬಾಯಿಗಿಡುವುದರಿಂದ ಮನೆಯ ಬಳ್ಳಿಯ ಎಲೆಗಳ ಮೇಲೆ ಯಾವ ಔಷಧವನ್ನೂ ಸಿಂಪಡಿಸುವುದು ನನಗೆ ಒಪ್ಪಿಗೆಯಿಲ್ಲ. ಟ್ರೈಕೋಡರ್ಮ ಬೆರೆಸಿದ ಗೊಬ್ಬರವನ್ನು ಹಾಕುವವರು ಬೋರ್ಡೋ ದ್ರಾವಣವನ್ನು ಅದರೊಡನೆಯೇ ಹೊಯ್ಯಬಾರದು. ತುತ್ತವು ಆ ಉಪಕಾರಿ ಜೀವಿಯನ್ನು ಕೊಂದುಬಿಡುವುದು.

ಎಲೆ ಕೊಯ್ಯುವುದಕ್ಕೆ ಆರು ತಿಂಗಳಾದರೂ ತಾಳಬೇಕು. ಬಲಿತ ಕೆಳಗಿನ ಎಲೆಯನ್ನು ತೊಟ್ಟುಸಹಿತ ತೆಗೆದು ತುದಿಯನ್ನು ಬಿಡಬೇಕು. ಬಳ್ಳಿಯು ಕೈಗೆಟುಕದಷ್ಟು ಏರಿದಾಗ ಅದನ್ನು ಇಳಿಸಿ, ಎಲೆಯಿಲ್ಲದ ಕಾಂಡವನ್ನು ಬುಡದ ಸುತ್ತ ಸುರುಳಿಯಾಗಿ ಮಲಗಿಸಿ, ಮೇಲೆ ಮಣ್ಣುಗೊಬ್ಬರ ಮುಚ್ಚಿ, ತುದಿಯ ಎರಡು ಮೂರು ಅಡಿಗಳನ್ನು ಮತ್ತೆ ಆಸರೆಗೆ ಕಟ್ಟಿದರೆ ಹೂತ ಗೆಣ್ಣುಗಳಿಂದ ಹೊಸ ಬೇರು ಬಂದು ಬಳ್ಳಿಗೆ ಪ್ರಾಯ ಮರಳುವುದು. ಮಳೆ ಹಿಡಿದ ದಿನಗಳಲ್ಲಿ ಈ ಕೆಲಸ ಬೇಡ, ಗಾಯದಿಂದ ರೋಗವು ಒಳಹೊಗುವುದು.

ತಾಯಿಬಳ್ಳಿಯನ್ನು ಸಾಕಲು ಒಪ್ಪುವ ಮಹನೀಯರು ಮೃಗಶಿರಕ್ಕಿಂತ ಮೊದಲು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಸಿದರೆ ನಾನೇ ಬಂದು ಜಾಗವನ್ನೂ ಬಳ್ಳಿಯ ಬುಡವನ್ನೂ ನೋಡಿ ಹೇಳುವೆನು. ಶಿಗ್ಗಾಂವ ತಾಲೂಕಿನ ಆ ಮನೆಯಲ್ಲಿ ಈಗ ಬಾವಿಯ ಬದಿಯ ಎತ್ತರದ ಕಟ್ಟೆಯಲ್ಲಿ ಹೊಸ ಬಳ್ಳಿ ಇದೆ. ಅದನ್ನು ನಟ್ಟವಳು ಆ ಸೊಸೆಯೇ. ಹೋದ ಸಲ ನಾನು ನೋಡಲು ಹೋದಾಗ, ಕಟ್ಟೆ ಏರುವ ಮೊದಲು ಕಾಲು ತೊಳೆದುಕೊಳ್ಳಿರೆಂದು ಒಂದು ತಂಬಿಗೆ ನೀರನ್ನು ತಂದು ಮುಂದಿಟ್ಟಳು.