ಗೃಹಸ್ಥರಿಗೆ ಕಾಯಿದೆಯ ತಿಳಿವಳಿಕೆ: ತಪ್ಪನ್ನು ಬಿಚ್ಚಿ ಹೇಳುವವನಿಗೆ ಆಶ್ರಯವುಂಟೇ?

ರಾಮದುರ್ಗದಂಥ ಊರಿನಲ್ಲಿ ಅಪರಾತ್ರಿಯಲ್ಲಿ ಹೆರಿಗೆಯ ಬೇನೆ ಬಿಗಡಾಯಿಸಿದರೆ ಮನೆಯವರಿಗೆ ಮೊದಲು ನೆನಪಾಗುವದು 108 ಎಂಬ ಅಂಕಿ. 2008ನೆಯ ಇಸವಿಯ ನವಂಬರ 1ರಂದು ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕವಚ’ವೆಂಬ ಹೆಸರಿನಿಂದ ಮೊದಲಾದ ಈ ಸೇವೆಯು ಹಳ್ಳಿಗಾಡಿನ ಸಂಸಾರಗಳಿಗೆ ಆಸರೆಯಾಗಿರುವದರಲ್ಲಿ ಸಂದೇಹವಿಲ್ಲ. ಆದರೆ ಮಲಪ್ರಭೆಯ ದಂಡೆಯ ಈ ಊರಿಗೂ ಜಿಲ್ಲೆಯ ಮುಖ್ಯಸ್ಥಳವಾದ ಬೆಳಗಾವಿಗೂ ನಡುವೆ ಸುಮಾರು 100 ಕಿಲೋಮೀಟರಿನ ಹಾದಿಯಿದೆ. ತಾಲೂಕಿನ ದವಾಖಾನೆಯಿಂದ ಮುಂದಕ್ಕೆ ಕಳಿಸಿದ ರೋಗಿಯು ದಾರಿಯಲ್ಲಿಯೇ ತೀರಿಕೊಂಡರೆ, ಮನೆಯವರ ದುಃಖದೊಳಗಿಂದ ಒಂದು ಪ್ರಶ್ನೆ ಏಳುವದು: ಈ ಜೀವವನ್ನು ಉಳಿಸಿಕೊಳ್ಳಲು ಬರುತ್ತಿತ್ತೇ?

ಇದಕ್ಕೆ ದಿಟವಾದ ಉತ್ತರವನ್ನು ಬಲ್ಲವರು ವಾಹನದಲ್ಲಿದ್ದ ಶುಶ್ರೂಷಕ, ಚಾಲಕ ಹಾಗೂ ವೈದ್ಯ ಇವರೇ. ಅವರು ತಮ್ಮದೇ ವೃತ್ತಿಯ ಅನುಭವಿಗಳ ಮುಂದೆ ಕುಳಿತು ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, ಎಲ್ಲಿ ತಡವಾಯಿತು, ಯಾವ ಔಷಧವಿರಲಿಲ್ಲ ಎಂಬದನ್ನು ಶೋಧಿಸುವದಕ್ಕೆ ಸಮವೃತ್ತಿಯವರ ಪರಿಶೀಲನೆಯೆಂದು ಹೆಸರು. ಆದರೆ ಹೇಳಿದ ಮಾತೇ ನಾಳೆ ನ್ಯಾಯಾಲಯದಲ್ಲಿ ತನ್ನ ಕೊರಳಿಗೆ ಉರುಲಾಗುವದಾದರೆ ಯಾವನು ತಾನೇ ಬಾಯಿ ಬಿಟ್ಟಾನು?

ಈ ಅಂಜಿಕೆ ಬರಿಯ ಕಲ್ಪನೆಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಮೇರೆಗೆ ಅಲಕ್ಷ್ಯದಿಂದ ಸಾವು ಸಂಭವಿಸಿದರೆ 5 ವರುಷಗಳವರೆಗೆ ಸೆರೆವಾಸವುಂಟು. ನೋಂದಾಯಿತ ವೈದ್ಯನು ಚಿಕಿತ್ಸೆ ಮಾಡುವಾಗ ಹಾಗಾದರೆ 2 ವರುಷಗಳವರೆಗೆ. ವಾಹನದಲ್ಲಿಯ ಶುಶ್ರೂಷಕನು ನೋಂದಾಯಿತ ವೈದ್ಯನಲ್ಲವಾದ್ದರಿಂದ ಈ ರಿಯಾಯಿತಿ ಅವನಿಗಿಲ್ಲ. ವೈದ್ಯರ ಮೇಲೆ ಫೌಜದಾರಿ ಖಟ್ಲೆ ಹೂಡುವ ಮೊದಲು ಬೇರೊಬ್ಬ ತಜ್ಞವೈದ್ಯನ ನಿಷ್ಪಕ್ಷಪಾತ ಅಭಿಪ್ರಾಯವನ್ನು ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಜೇಕಬ್ ಮ್ಯಾಥ್ಯೂ ಅವರ ಪ್ರಕರಣದಲ್ಲಿ ವಿಧಿಸಿತು. ಆದರೆ ಅದು ಖಟ್ಲೆಗೆ ಹಾಕಿದ ತಡೆಯೇ ಹೊರತು, ಪರಿಶೀಲನೆಯಲ್ಲಿ ಆಡಿದ ಮಾತಿಗೆ ಕೊಟ್ಟ ರಕ್ಷಣೆಯಲ್ಲ.

ನಮ್ಮಲ್ಲಿ ಈ ಮಾರ್ಗದ ಒಂದು ಮಾದರಿಯಿದೆ. ಬಾಣಂತಿಯರ ಮರಣವನ್ನು ಕುರಿತ ಸರಕಾರೀ ಪರಿಶೀಲನೆಯು ‘ಹೆಸರಿಲ್ಲ, ದೂಷಣೆಯಿಲ್ಲ’ ಎಂಬ ತತ್ತ್ವದ ಮೇಲೆ ನಿಂತಿದೆ. ಪರಿಶೀಲನೆಯ ಬೆಲೆಯೇನೆಂಬದು 2024ರ ನವಂಬರದಲ್ಲಿ ಬಳ್ಳಾರಿಯ ಸರಕಾರೀ ದವಾಖಾನೆಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಕಂಡುಬಂದಿತು. ತಜ್ಞರು ವಿಚಾರಿಸಿ ನೋಡಲಾಗಿ ಸಂಶಯವು ರಕ್ತನಾಳಕ್ಕೆ ಏರಿಸುವ ದ್ರಾವಣದ ಕಡೆಗೆ ತಿರುಗಿತು. ಎದುರಿಗಿದ್ದ ವೈದ್ಯರನ್ನಷ್ಟೇ ದೂಷಿಸಿ ಸುಮ್ಮನಿದ್ದರೆ ಅದೇ ದ್ರಾವಣವು ಇನ್ನೊಬ್ಬ ತಾಯಿಯ ಮೈಯನ್ನು ಸೇರುತ್ತಿರಲಿಲ್ಲವೇ? ಆದರೂ ‘ದೂಷಣೆಯಿಲ್ಲ’ ಎಂಬದು ಮಾರ್ಗಸೂಚಿಯ ಮಾತು. ಕಾಯಿದೆಯ ಬಲ ಅದಕ್ಕಿಲ್ಲ.

ಅಮೇರಿಕದಲ್ಲಿ 2005ರಲ್ಲಿ ರೋಗಿಗಳ ಸುರಕ್ಷಿತತೆಯ ಕಾಯಿದೆಯೊಂದನ್ನು ಮಾಡಿ, ಸುಧಾರಣೆಗಾಗಿ ನಡೆಸಿದ ಪರಿಶೀಲನೆಯ ಕಾಗದಪತ್ರಗಳಿಗೆ ಗೋಪ್ಯತೆಯ ರಕ್ಷಣೆ ಕೊಟ್ಟರು. ಅದರಲ್ಲಿಯ ವಿವೇಕವನ್ನು ಗಮನಿಸಬೇಕು: ರೋಗಿಯ ಮೂಲ ಚಿಕಿತ್ಸಾ ದಾಖಲೆಯು ಆ ಮರೆಯೊಳಗೆ ಸೇರುವದಿಲ್ಲ. ಮರೆಯಿರುವದು ಪರಿಶೀಲಕರ ಚರ್ಚೆಗೆ, ನಡೆದ ಸಂಗತಿಗಲ್ಲ. ಈ ಗೆರೆಯನ್ನು ಅಳಿಸಿದರೆ ಆಶ್ರಯವೇ ಅಪರಾಧಿಯ ಅಡಗುದಾಣವಾದೀತು.

ಅಪಘಾತದಲ್ಲಿ ಬಿದ್ದವನನ್ನು ದವಾಖಾನೆಗೆ ಒಯ್ಯುವ ದಾರಿಹೋಕನಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಅಭಯ ಕೊಟ್ಟಿತು. ನಮ್ಮ ರಾಜ್ಯವಂತೂ ಅದಕ್ಕೂ ಮೊದಲೇ ಇಂಥ ಶಾಸನವನ್ನು ಮಾಡಿತ್ತು. ಎತ್ತಿ ಒಯ್ದವನಿಗೆ ದೊರೆತ ಅಭಯವು, ಮುಂದಿನ ರೋಗಿಯ ಹಿತಕ್ಕಾಗಿ ನಿಜವನ್ನು ನುಡಿಯುವವನಿಗೂ ದೊರೆಯಬೇಕೆಂದು ನಮಗೆ ತೋರುವದು.

ಕಾಯಿದೆ ಬರುವವರೆಗೆ ಗೃಹಸ್ಥರು ಮಾಡತಕ್ಕ ಕೆಲಸಗಳೂ ಉಂಟು. ಕರೆ ಮಾಡಿದ ವೇಳೆ, ವಾಹನ ಬಂದ ವೇಳೆ, ದವಾಖಾನೆ ಮುಟ್ಟಿದ ವೇಳೆ, ಇವನ್ನು ಮನೆಯವರಲ್ಲೊಬ್ಬರು ಬರೆದಿಡಬೇಕು. 2002ರ ವೈದ್ಯಕೀಯ ನಡತೆಯ ನಿಯಮಗಳ ಪ್ರಕಾರ, ರೋಗಿಯಾಗಲಿ ಅವನ ಪರವಾಗಿ ಅಧಿಕಾರ ಪಡೆದವರಾಗಲಿ ಚಿಕಿತ್ಸೆಯ ದಾಖಲೆಗಳನ್ನು ಬೇಡಿದರೆ ವೈದ್ಯನು 72 ತಾಸುಗಳೊಳಗೆ ಕೊಡತಕ್ಕದ್ದು. ದುಃಖದ ಭರದಲ್ಲಿ ವಾಹನದವರ ಮೇಲೆ ಕೈಮಾಡುವದರಿಂದ ಹೋದ ಜೀವವು ಬರುವದಿಲ್ಲ; ಬರಬೇಕಾದ ನಿಜವೂ ಬಾಯೊಳಗೇ ಉಳಿಯುವದು. ಅದರ ಬದಲು ಲಿಖಿತ ಅರ್ಜಿಯ ಮುಖಾಂತರ ವಿಚಾರಣೆಯನ್ನು ಕೇಳುವದು ಲೇಸು.

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನಮ್ಮವರು ಹಳಹಳಿಸುವದುಂಟು. ಹಾಗೆ ಬಂದ ಬುದ್ಧಿಯನ್ನಾದರೂ ಅಂಜಿಕೆಯಿಂದ ಹೂತಿಡದೆ, ನೆರೆಮನೆಯ ಬಸುರಿಗೆ ಉಪಯೋಗವಾಗುವಂತೆ ಮಾಡುವದು ಸಮಾಜದ ಕರ್ತವ್ಯವಲ್ಲವೇ?