ಚಿನ್ನ ತೆಗೆದವರ ಹೆಸರೆಲ್ಲಿ?

ರಜಾದಿನಗಳಂದು ಆನಗೋಡಿನ ಹೆದ್ದಾರಿಯಲ್ಲಿ ಪ್ರವಾಸದ ವಾಹನಗಳಿಗೆ ಕೊರತೆಯಿಲ್ಲ. ದಾವಣಗೆರೆ, ಹರಿಹರಗಳ ನಮ್ಮ ಕುಟುಂಬಗಳು ಇಲ್ಲಿನ ಕಿರು ಮೃಗಾಲಯವನ್ನು ಮಕ್ಕಳಿಗೆ ತೋರಿಸುತ್ತವೆ. ಅನುಕೂಲವುಳ್ಳವರು ಗೋಲ್‌ಗುಂಬಜ್, ತಾಜ್‌ಮಹಲ್‌ಗಳವರೆಗೂ ಹೋಗಿಬರುತ್ತಾರೆ. ಕಟ್ಟಿಸಿದ ಬಾದಶಹನ ಹೆಸರು ಮಕ್ಕಳಿಗೆ ಕಂಠಪಾಠವಾಗುತ್ತದೆ. ಕಲ್ಲು ಹೊತ್ತವನ ಹೆಸರನ್ನು ಯಾರೂ ಕೇಳುವುದಿಲ್ಲ. ಇದೇ ಆನಗೋಡಿನ ಬಳಿ, 1992ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ರೈತರಾದ ಓಬೇನಹಳ್ಳಿ ಕಲ್ಲಿಂಗಪ್ಪ ಮತ್ತು ಸಿದ್ದನೂರು ನಾಗರಾಜಾಚಾರ್ ಅವರ ಸ್ಮಾರಕವಿದೆ. ಅಲ್ಲಿ ವಾಹನ ನಿಲ್ಲಿಸಿ ಇಳಿದವರು ನಮ್ಮಲ್ಲೆಷ್ಟು ಮಂದಿ?

ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದತ್ತ ನೋಡೋಣ. ಚಿನ್ನ ಅರಸಿ ಬಂದ ಚೀನೀ ಕೂಲಿಗಳ ಮೇಲೆ ಅಲ್ಲಿನ ಆಡಳಿತವು 1855ರಲ್ಲಿ ತಲಾ ಹತ್ತು ಪೌಂಡುಗಳ ತೆರಿಗೆ ಹೇರಿತು. ಅದನ್ನು ತಪ್ಪಿಸಲು ಅವರು ನೆರೆಯ ಪ್ರಾಂತ್ಯದ ರೋಬ್ ಬಂದರಿನಲ್ಲಿಳಿದು ನೂರಾರು ಕಿಲೋಮೀಟರ್ ನಡೆದರು. ಹಾಗೆ ನಡೆದವರೇ 1857ರಲ್ಲಿ ಅರಾರಟ್‌ನ ಚಿನ್ನವನ್ನು ಕಂಡರು. ಅದೇ ವರ್ಷ ಬಕ್ಲೆಂಡ್ ಕಣಿವೆಯಲ್ಲಿ ಬಿಳಿಯರ ಗುಂಪು ಚೀನೀಯರನ್ನು ಹೊಡೆದೋಡಿಸಿತು. ಇಂದು ಅರಾರಟ್‌ನಲ್ಲೂ ಬೆಂಡಿಗೊದಲ್ಲೂ ಅವರ ನೆನಪಿನ ಸಂಗ್ರಹಾಲಯಗಳಿವೆ. 2017ರಲ್ಲಿ ವಿಕ್ಟೋರಿಯಾದ ಪ್ರಧಾನಿ ಡೇನಿಯಲ್ ಆಂಡ್ರ್ಯೂಸ್ ಆ ತೆರಿಗೆಗಾಗಿ ಕ್ಷಮೆ ಯಾಚಿಸಿದರು. ಕ್ಷಮೆ ತಡವಾಯಿತು, ನಿಜ. ಆದರೆ ನಾವು ಅಷ್ಟನ್ನಾದರೂ ಮಾಡಿದ್ದೇವೆಯೇ?

ನಮ್ಮದೇ ಕೋಲಾರ ಚಿನ್ನದ ಗಣಿಯನ್ನು ನೋಡಿ. 1880ರಿಂದ ಜಾನ್ ಟೇಲರ್ ಕಂಪೆನಿಯ ಕೈಯಲ್ಲಿ ಬೆಳೆದ ಈ ಗಣಿಗೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆ ನಂತರ. ಮೂರು ಕಿಲೋಮೀಟರಿಗೂ ಆಳದಲ್ಲಿ, ಕಾದ ಬಂಡೆಗಳ ನಡುವೆ ದುಡಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಬಂಡೆ ಸಿಡಿದು ಸತ್ತವರೂ, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರೂ ಅವರೇ. ಬೆರಳಚ್ಚು ಪಡೆಯುವ ಕ್ರಮವನ್ನು ವಿರೋಧಿಸಿ 1930ರಲ್ಲಿ ಅವರು ಮುಷ್ಕರ ಹೂಡಿದರು. ತಾವು ಅಪರಾಧಿಗಳಲ್ಲ, ಮನುಷ್ಯರು ಎಂಬುದೇ ಆ ಮುಷ್ಕರದ ತಿರುಳಾಗಿತ್ತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 2018 ಮತ್ತು 2022ರಲ್ಲಿ ಅದರ ಹೆಸರಿನ ಚಲನಚಿತ್ರಗಳು ಕೋಟಿಗಟ್ಟಲೆ ಗಳಿಸಿದವು. ಇಲ್ಲದ ನಾಯಕನ ಸಂಭಾಷಣೆ ನಮ್ಮ ಹುಡುಗರ ಬಾಯಲ್ಲಿದೆ. ಇದ್ದ ಕಾರ್ಮಿಕನ ಮುಷ್ಕರ ಅವರಿಗೆ ಗೊತ್ತಿಲ್ಲ. 2024ರಲ್ಲಿ ರಾಜ್ಯ ಸಚಿವ ಸಂಪುಟವು ಅಲ್ಲಿನ ಸೈನೈಡ್ ಗುಡ್ಡಗಳ ಮಣ್ಣಿನಿಂದ ಉಳಿದ ಚಿನ್ನವನ್ನು ತೆಗೆಯಲು ಒಪ್ಪಿಗೆ ನೀಡಿತು. ಧೂಳಿನಲ್ಲಡಗಿದ ಚಿನ್ನಕ್ಕಿರುವ ಬೆಲೆ, ಆ ಧೂಳು ಉಂಡವರ ನೆನಪಿಗೆ ಇಲ್ಲವೇ?

ಇದು ನಮಗೇಕೆ ಎಂದು ಕೆಲವರು ಕೇಳಬಹುದು. ಅವರು ಆಸ್ಟ್ರೇಲಿಯಾದ ಗಣಿ ಪಟ್ಟಣವಾದ ಬ್ರೋಕನ್ ಹಿಲ್ ಅನ್ನು ನೆನೆಯಲಿ. ಅಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬ್‌ಗಳಿಂದ ಹೋದ ಮುಸ್ಲಿಮ್ ಒಂಟೆ ಚಾಲಕರು 19ನೇ ಶತಮಾನದ ಕೊನೆಗೆ ಅಲ್ಲಿ ತಗಡಿನ ಮಸೀದಿಯೊಂದನ್ನು ಕಟ್ಟಿಕೊಂಡರು. ಇಂದು ಅದನ್ನು ಸಂಗ್ರಹಾಲಯವಾಗಿ ಕಾಪಾಡುತ್ತಿರುವವರು ಆ ಊರಿನ ಜನರು. ನಮ್ಮ ಬಡವರ ನೆನಪನ್ನು ಅನ್ಯರು ಕಾಯಬೇಕೆಂದು ಬಯಸುವ ನಾವು, ನೆರೆಯ ದಲಿತ ಕಾರ್ಮಿಕನ ನೆನಪಿಗೆ ಕುರುಡಾಗುವುದು ಯಾವ ನ್ಯಾಯ?

ಭೂಮಿಯಲ್ಲಿ ಸಂಚರಿಸಿ ಗತಿಸಿದವರಿಂದ ಪಾಠ ಕಲಿಯಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಅರಮನೆಯ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದು ಆ ಸಂಚಾರವಲ್ಲ. ಸರಕಾರವು ಕೋಲಾರದ ಕಾರ್ಮಿಕರ ವಠಾರಗಳಲ್ಲಿ ಕೆಲವನ್ನಾದರೂ ಉಳಿಸಲಿ. ಗಣಿಯಲ್ಲಿ ಮಡಿದವರ ಹೆಸರುಗಳನ್ನು ದಾಖಲೆಗಳಿಂದ ಹೊರತೆಗೆದು ಕಲ್ಲಿನಲ್ಲಿ ಕೆತ್ತಿಸಲಿ. ನಾವೂ ನಮ್ಮ ಪಾಲನ್ನು ಮಾಡೋಣ. ಮುಂದಿನ ರಜೆಯಲ್ಲಿ ಮಕ್ಕಳನ್ನು ಕೋಲಾರಕ್ಕೆ ಕರೆದೊಯ್ಯೋಣ. ಅಷ್ಟು ದೂರ ಸಾಧ್ಯವಿಲ್ಲದಿದ್ದರೆ, ಆನಗೋಡಿನಲ್ಲಿ ಹತ್ತು ನಿಮಿಷ ವಾಹನ ನಿಲ್ಲಿಸೋಣ.